ಆಫ್ರಿಕದ ಅಂಗಳಕ್ಕೆ ಇಂಗ್ಲೆಂಡಿನ ಹುಡುಗರು

ಜೂನ್ ತಿಂಗಳಿಗೆ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಪರೀಕ್ಷೆ ಮುಗಿಯುತ್ತದೆ. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್, ಲಫ್‌ಬರೊ, ಡರ್ಹಮ್ ಊರುಗಳಲ್ಲಿ ಓದುವ ಒಂದಷ್ಟು ಹುಡುಗ ಹುಡುಗಿಯರು ರಜೆಗೆಂದು ಮನೆಗೆ ಹೋಗುವುದಿಲ್ಲ. ಗಾಳಿ ತೆಗೆದ ಫುಟ್‌ಬಾಲು, ಪಂಪು, ಸೀಟಿ, ಬಣ್ಣದ ಪ್ಲಾಸ್ಟಿಕ್ ಶಂಕುಗಳನ್ನು ಚೀಲಕ್ಕೆ ತುಂಬಿಕೊಂಡು ಜಾಂಬಿಯಾ, ಕೀನ್ಯಾ, ಮಲಾವಿ, ಉಗಾಂಡಾಗಳ ವಿಮಾನ ಹತ್ತುತ್ತಾರೆ. ಐದಾರು ವಾರ ಅಲ್ಲಿನ ಮಕ್ಕಳಿಗೆ ಆಟ ಕಲಿಸಿ ಬರುವುದು ಅವರ ಉದ್ದೇಶ. ಈ ಊರುಗಳಲ್ಲಿ ನೆಲೆಸಿರುವ ನಮ್ಮ ಕನ್ನಡದ ಮನೆಗಳಲ್ಲೂ ಈಗ ಇದು ಊಟದ ಮೇಜಿನ ಮಾತು. ಮಗಳು ಹೋಗುತ್ತೇನೆ ಅನ್ನುತ್ತಾಳೆ, ಅಮ್ಮನಿಗೆ ಮಲೇರಿಯಾದ ಭಯ, ಅಪ್ಪನಿಗೆ ಖರ್ಚಿನ ಲೆಕ್ಕ, ಬೆಂಗಳೂರಿನಲ್ಲಿರುವ ಅಜ್ಜಿಗೆ ಹೆಮ್ಮೆ. ಈ ಹೋಗಿಬರುವಿಕೆಯಿಂದ ಯಾರಿಗೆ ಏನು ದಕ್ಕುತ್ತದೆ ಎಂಬುದನ್ನು ಇವತ್ತು ನಿಮ್ಮೊಂದಿಗೆ ವಿಚಾರಮಾಡಬೇಕೆಂದಿದ್ದೇನೆ.

ಇಂಗ್ಲೆಂಡಿನ ನಡುನಾಡು ಮತ್ತು ಉತ್ತರ ಭಾಗದಿಂದ ಇಷ್ಟು ಜನ ಹೊರಡುವುದಕ್ಕೆ ಕಾರಣವಿದೆ. ಆಟ ಕಲಿಸುವವರನ್ನು ತಯಾರುಮಾಡುವುದು ಇಲ್ಲಿ ಬಹಳ ಹಿಂದಿನಿಂದ ಬಂದ ಕಸುಬು. ಲೀಡ್ಸ್‌ನಲ್ಲಿ ಕಾರ್ನೆಗಿ ದೈಹಿಕ ಶಿಕ್ಷಣ ಕಾಲೇಜು ಶುರುವಾದದ್ದು 1933ರಲ್ಲಿ. ಬ್ರಿಟನ್ನಿನಲ್ಲಿ ದೈಹಿಕ ಶಿಕ್ಷಣಕ್ಕೆ ಪದವಿಯ ಮಾನ್ಯತೆಯನ್ನು ಮೊದಲು ಕೊಟ್ಟದ್ದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ, 1946ರಲ್ಲಿ. ಲಫ್‌ಬರೊ ಎಂದರಂತೂ ಕ್ರೀಡೆಗೇ ಹೆಸರಾದ ಊರು. ಸ್ವಯಂಸೇವೆಯ ರೂಢಿಯೂ ಇಲ್ಲಿ ಗಟ್ಟಿಯಾಗಿದೆ. 2002ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆದಾಗ ಸುಮಾರು 10,000 ಜನ ಸಂಬಳವಿಲ್ಲದೆ ದುಡಿದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಸರದಿ ಬಂದಾಗ ಆ ಸಂಖ್ಯೆ 14,000ದ ಹತ್ತಿರ ಹೋಯಿತು.

ಆಫ್ರಿಕದ ನಂಟೂ ಹಳೆಯದೇ. 1945ರ ಅಕ್ಟೋಬರಿನಲ್ಲಿ ಐದನೆಯ ಪ್ಯಾನ್ ಆಫ್ರಿಕನ್ ಕಾಂಗ್ರೆಸ್ ಸೇರಿದ್ದು ಮ್ಯಾಂಚೆಸ್ಟರ್‌ನ ಒಂದು ಪುರಭವನದಲ್ಲಿ. ಮುಂದೆ ಘಾನಾ ದೇಶವನ್ನು ಮುನ್ನಡೆಸಿದ ಎನ್‌ಕ್ರುಮಾ, ಕೀನ್ಯಾವನ್ನು ಮುನ್ನಡೆಸಿದ ಕೆನ್ಯಾಟಾ ಇಬ್ಬರೂ ಅಲ್ಲಿದ್ದರು. ಲೀಡ್ಸ್‌ನ ಫುಟ್‌ಬಾಲ್ ಅಭಿಮಾನಿಗಳನ್ನು ಕೇಳಿದರೆ ಲೂಕಸ್ ರಡೇಬೆಯ ಹೆಸರು ಹೇಳುತ್ತಾರೆ. ದಕ್ಷಿಣ ಆಫ್ರಿಕದ ಸೊವೆಟೊದಲ್ಲಿ ಹುಟ್ಟಿ, 1994ರಲ್ಲಿ ಲೀಡ್ಸ್ ಯುನೈಟೆಡ್‌ಗೆ ಬಂದು, ಆ ತಂಡದ ನಾಯಕನಾಗಿ ಬೆಳೆದ ಆಟಗಾರ ಆತ.

ಇನ್ನು ಜಾಂಬಿಯಾಕ್ಕೆ ಹೋಗೋಣ. 2001-02ರ ಸಮೀಕ್ಷೆಯ ಪ್ರಕಾರ ಅಲ್ಲಿ ದುಡಿಯುವ ವಯಸ್ಸಿನ ಪ್ರತಿ 100 ಮಂದಿಯಲ್ಲಿ 15ಕ್ಕಿಂತ ಹೆಚ್ಚು ಜನರಿಗೆ ಎಚ್‌ಐವಿ ಸೋಂಕಿತ್ತು. ಶಿಕ್ಷಕರು ಸಾಯುತ್ತಿದ್ದರು, ತಾಯಿತಂದೆಯರು ಸಾಯುತ್ತಿದ್ದರು. ಮಕ್ಕಳಿಗೆ ಈ ರೋಗದ ಬಗ್ಗೆ ಹೇಳುವವರು ಯಾರು? ಮನೆಯಲ್ಲಿ ಮಾತೇ ಎತ್ತುವಂತಿರಲಿಲ್ಲ. ಆಗ ಮುಂದೆ ಬಂದವರು ಅಲ್ಲಿನವರೇ ಆದ ಕೆಲವರು. 1998ರಲ್ಲಿ ‘ಸ್ಪೋರ್ಟ್ ಇನ್ ಆ್ಯಕ್ಷನ್’, 1999ರಲ್ಲಿ ‘ಎಜುಸ್ಪೋರ್ಟ್’ ಎಂಬ ಸಂಸ್ಥೆಗಳು ಹುಟ್ಟಿದವು. ಎಜುಸ್ಪೋರ್ಟ್ ಕಟ್ಟಿದ ಆಸ್ಕರ್ ಮ್ವಾಂಗಾ ಜಾಂಬಿಯಾದವರು. ಹುಡುಗಿಯರಿಗೆಂದೇ ಫುಟ್‌ಬಾಲ್ ತಂಡಗಳನ್ನು ಕಟ್ಟಿದ ‘ಗೋ ಸಿಸ್ಟರ್ಸ್’ ಎಂಬ ಕಾರ್ಯಕ್ರಮವೂ ಇವರದೇ. ಬ್ರಿಟನ್ನಿನ ವಿದ್ಯಾರ್ಥಿಗಳು ಬಂದದ್ದು ಇದೆಲ್ಲ ಆದ ಮೇಲೆ. ಡರ್ಹಮ್, ಲಫ್‌ಬರೊ, ನಾರ್ಥಂಬ್ರಿಯಾ ಮುಂತಾದ ವಿಶ್ವವಿದ್ಯಾಲಯಗಳು ಒಂದಾಗಿ, ಯುಕೆ ಸ್ಪೋರ್ಟ್ ಎಂಬ ಸರ್ಕಾರಿ ಸಂಸ್ಥೆಯ ನೆರವಿನಿಂದ, 2000ದ ದಶಕದ ನಡುವಿನಿಂದ ತಮ್ಮ ವಿದ್ಯಾರ್ಥಿಗಳನ್ನು ಪ್ರತಿ ಬೇಸಿಗೆ ಜಾಂಬಿಯಾದ ರಾಜಧಾನಿ ಲುಸಾಕಾಗೆ ಕಳಿಸತೊಡಗಿದವು. ಮೊದಲು ಅಂಗಳದಲ್ಲಿ ನಿಂತವರು ಯಾರು, ನಂತರ ಬಂದು ಸೇರಿಕೊಂಡವರು ಯಾರು ಎಂಬುದನ್ನು ನಾವು ಮರೆಯಬಾರದು. ಪತ್ರಿಕೆಗಳಲ್ಲಿ ಬರುವ ಚಿತ್ರದಲ್ಲಿ ಬಿಳಿಯ ಹುಡುಗ ನಡುವೆ ನಿಂತಿರುತ್ತಾನೆ, ಸುತ್ತ ಮಕ್ಕಳು ನಗುತ್ತಿರುತ್ತಾರೆ. ತಂಡವನ್ನು ವರ್ಷವಿಡೀ ನಡೆಸುವ ಸ್ಥಳೀಯ ಯುವಕ ಆ ಚಿತ್ರದ ಚೌಕಟ್ಟಿನೊಳಗೇ ಇರುವುದಿಲ್ಲ.

ಆಟದಲ್ಲಿ ರೋಗದ ಪಾಠ ಹೇಗೆ ಹೇಳುತ್ತಾರೆ ಎಂದು ನಿಮಗೆ ಅನಿಸಬಹುದು. ಒಂದು ಅಭ್ಯಾಸವನ್ನು ವಿವರಿಸುತ್ತೇನೆ. 2002ರಲ್ಲಿ ಜಿಂಬಾಬ್ವೆಯಲ್ಲಿ ಶುರುವಾದ ‘ಗ್ರಾಸ್‌ರೂಟ್ ಸಾಕರ್’ ಎಂಬ ಸಂಸ್ಥೆಯಿಂದ ಬಂದದ್ದು ಇದು. ಬಯಲಿನಲ್ಲಿ ಸಾಲಾಗಿ ಪ್ಲಾಸ್ಟಿಕ್ ಶಂಕುಗಳನ್ನು ನಿಲ್ಲಿಸುತ್ತಾರೆ. ಒಂದೊಂದು ಶಂಕುವಿಗೂ ಒಂದೊಂದು ಅಪಾಯದ ಹೆಸರು: ರಕ್ಷಣೆಯಿಲ್ಲದ ಸಂಬಂಧ, ಏಕಕಾಲಕ್ಕೆ ಹಲವರ ಸಂಗ, ಕುಡಿತ, ವಯಸ್ಸಿನಲ್ಲಿ ಬಹಳ ದೊಡ್ಡವರ ಸಹವಾಸ. ಮಕ್ಕಳು ಚೆಂಡನ್ನು ಕಾಲಲ್ಲೇ ಹೊರಳಿಸುತ್ತ, ಶಂಕುಗಳ ನಡುವೆ ನುಸುಳಿ ಆಚೆ ತುದಿ ಮುಟ್ಟಬೇಕು. ಮೊದಲ ಸುತ್ತಿನಲ್ಲಿ ಯಾರ ಚೆಂಡು ಶಂಕುವಿಗೆ ತಾಗಿತೋ ಆ ಮಗು ದಂಡ ಹೊಡೆಯಬೇಕು. ಎರಡನೆಯ ಸುತ್ತಿನಲ್ಲಿ ಒಬ್ಬರು ತಪ್ಪಿದರೆ ಅವರ ತಂಡದವರೆಲ್ಲ ದಂಡ ಹೊಡೆಯಬೇಕು. ಮೂರನೆಯ ಸುತ್ತಿನಲ್ಲಿ ಯಾರೇ ತಪ್ಪಲಿ, ಅಂಗಳದಲ್ಲಿರುವ ಅಷ್ಟೂ ಮಂದಿ ನೆಲಕ್ಕೆ ಕೈ ಊರಬೇಕು. ಆಮೇಲೆ ಎಲ್ಲರೂ ವೃತ್ತವಾಗಿ ಕೂತು ಮಾತಾಡುತ್ತಾರೆ. ತಪ್ಪು ಮಾಡಿದ್ದು ಒಬ್ಬನಾದರೆ ಕಷ್ಟ ಎಲ್ಲರಿಗೂ ಯಾಕೆ ಬಂತು ಎಂಬ ಪ್ರಶ್ನೆ ಎದ್ದಾಗ, ಮನೆಯಲ್ಲಿ ತೀರಿಕೊಂಡ ಅತ್ತೆ, ಮಾವ, ಅಕ್ಕನ ಕಥೆಗಳು ತಾವಾಗಿ ಹೊರಬರುತ್ತವೆ.

ಮಾತು ಹೀಗೆ ಹೊರಬರುವಾಗ ಎದುರಿಗಿರುವವರು ಯಾರು ಎಂಬುದೇ ಇಡೀ ವಿಷಯದ ಜೀವಾಳ. ಮೊನ್ನೆ ಬಂದು ಮುಂದಿನ ತಿಂಗಳು ಹೊರಡುವ ಲೀಡ್ಸ್‌ನ ವಿದ್ಯಾರ್ಥಿಯ ಮುಂದೆ ಆ ಮಗು ಮನಸ್ಸು ಬಿಚ್ಚಿದರೆ, ಮರುತಿಂಗಳು ಆ ದುಃಖವನ್ನು ಯಾರ ಹತ್ತಿರ ಒಯ್ಯಬೇಕು? ಅದಕ್ಕೇ ಜಾಂಬಿಯಾದ ಸಂಸ್ಥೆಗಳು ಅದೇ ಬೀದಿಯ, ಅದೇ ಭಾಷೆಯ, ಎರಡು ಮೂರು ವರ್ಷ ದೊಡ್ಡವರಾದ ಅಣ್ಣ ಅಕ್ಕಂದಿರನ್ನು ತರಬೇತುಗೊಳಿಸಿ ನಾಯಕರನ್ನಾಗಿ ಮಾಡಿದವು. ಹೊರಗಿನಿಂದ ಬಂದ ವಿದ್ಯಾರ್ಥಿ ಇವರ ಜೊತೆ ನಿಲ್ಲಬೇಕೇ ಹೊರತು ಇವರ ಜಾಗದಲ್ಲಿ ಅಲ್ಲ. ಬಾಸ್ಕೆಟ್‌ಬಾಲಿನ ಹೊಸ ಪಟ್ಟುಗಳನ್ನೋ, ಪಂದ್ಯಾವಳಿ ನಡೆಸುವ ಕ್ರಮವನ್ನೋ ಆ ನಾಯಕರಿಗೆ ಹೇಳಿಕೊಡಬಹುದು. ಮಕ್ಕಳಿಗೆ ಕಲಿಸುವುದನ್ನು ಅವರಿಗೇ ಬಿಡಬೇಕು. ಈ ವಿವೇಕ ಎಲ್ಲ ಕಡೆ ಪಾಲನೆಯಾಗಿದೆ ಎಂದು ನಾನು ಹೇಳಲಾರೆ. 2017ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಮುದ್ರಣಾಲಯ ಜಾಂಬಿಯಾದ ಅನುಭವದ ಮೇಲೆ ಒಂದು ಅಧ್ಯಯನ ಗ್ರಂಥ ಹೊರತಂದಿತು. ಇಯಾನ್ ಲಿಂಡ್ಸೆ, ಟೆಸ್ ಕೇ, ರೂತ್ ಜೀನ್ಸ್ ಅವರ ಜೊತೆ ಜಾಂಬಿಯಾದವರೇ ಆದ ಡೇವಿಸ್ ಬಾಂಡಾ ಅದನ್ನು ಬರೆದಿದ್ದಾರೆ. ಹಣ ಕೊಟ್ಟವರ ಕಣ್ಣಿನಿಂದ ನೋಡುವುದನ್ನು ಬಿಟ್ಟು, ಆ ಬೀದಿಗಳಲ್ಲಿ ಬದುಕುವವರ ಕಡೆಯಿಂದ ನೋಡಬೇಕೆಂಬುದು ಆ ಪುಸ್ತಕದ ಹಟ. ನನಗೆ ಅದು ಸರಿಯೆನಿಸುತ್ತದೆ.

ಲುಸಾಕಾ ರಾಜಧಾನಿಯಾಯಿತು, ಹಳ್ಳಿಯ ಮಾತೇನು? ಕೀನ್ಯಾದ ಕರಾವಳಿಯಲ್ಲಿ ಕಿಲಿಫಿ ಎಂಬ ಸೀಮೆಯಿದೆ. ಮೆಕ್ಕೆಜೋಳ, ತೆಂಗು, ಗೋಡಂಬಿಯ ನಾಡು. ನಮ್ಮ ಕರಾವಳಿಯವರು ಅಲ್ಲಿಗೆ ಹೋದರೆ ಮರಗಿಡಗಳನ್ನು ನೋಡಿ ಊರಿಗೆ ಬಂದಂತೆ ಅಂದುಕೊಂಡಾರು. ನೀರು ಹೊರುವುದು, ಸೌದೆ ತರುವುದು, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು ಹುಡುಗಿಯರ ಪಾಲಿನ ಕೆಲಸ. ಆಟ ಹುಡುಗರದು. ಅಲ್ಲಿಗೆ ಹೋದ ಬ್ರಿಟನ್ನಿನ ಪತ್ರಕರ್ತೆ ಸಾರಾ ಫೋರ್ಡ್, 2001ರಲ್ಲಿ ಹುಡುಗಿಯರಿಗಾಗಿ ‘ಮೂವಿಂಗ್ ದ ಗೋಲ್‌ಪೋಸ್ಟ್ಸ್’ ಎಂಬ ಫುಟ್‌ಬಾಲ್ ಸಂಸ್ಥೆಗೆ ನೆಲೆ ಹಾಕಿದರು. ಆಕೆ ಮಾಡಿದ ಜಾಣತನ ಇದು: ಒಂದೊಂದು ಬಯಲಿಗೂ ಆಟಗಾರ್ತಿಯರದೇ ಒಂದು ಸಮಿತಿ. ತರಬೇತಿ ಕೊಡುವವಳು ಒಬ್ಬ ಹುಡುಗಿ, ಸೀಟಿ ಊದುವ ರೆಫರಿ ಇನ್ನೊಬ್ಬಳು, ಪ್ರಥಮ ಚಿಕಿತ್ಸೆಯ ಡಬ್ಬಿ ಮತ್ತೊಬ್ಬಳ ಕೈಯಲ್ಲಿ. ಮುಟ್ಟಿನ ಬಗ್ಗೆ, ಬಾಲ್ಯದ ಬಸಿರಿನ ಬಗ್ಗೆ, ಶಾಲೆ ಬಿಡುವುದರ ಬಗ್ಗೆ ಆಟ ಮುಗಿದ ಮೇಲೆ ಅವರವರೇ ಮಾತಾಡಿಕೊಳ್ಳುತ್ತಾರೆ. ಹದಿನಾರರ ಹುಡುಗಿ ಊರವರ ಎದುರು ಸೀಟಿ ಊದಿ, ಇದು ಫೌಲು ಎಂದು ತೀರ್ಪು ಹೇಳುವುದನ್ನು ಊಹಿಸಿಕೊಳ್ಳಿ. ಮದುವೆಯ ಮಾತು ಬಂದಾಗಲೂ ಅವಳ ದನಿ ಸುಲಭವಾಗಿ ಉಡುಗಲಾರದು. ಮುಂದೆ ಸಂಸ್ಥೆಯ ಚುಕ್ಕಾಣಿ ಕೀನ್ಯಾದ ಹೆಂಗಸರ ಕೈಗೇ ಬಂತು.

ಇದನ್ನೆಲ್ಲ ಹೇಳುವಾಗ ನನಗೆ ಉತ್ತರ ಕನ್ನಡದ ಕಾಡು ನೆನಪಾಗದೆ ಇರದು. ಯಲ್ಲಾಪುರ, ಮುಂಡಗೋಡ, ಹಳಿಯಾಳ, ಅಂಕೋಲಾ ಸುತ್ತಿನ ಸಿದ್ದಿಗಳು ಆಫ್ರಿಕ ಮೂಲದವರು, ಶತಮಾನಗಳಿಂದ ನಮ್ಮ ನೆಲದವರು. 1987ರಲ್ಲಿ, ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ ತರಬೇತು ಕೊಡುವ ಯೋಜನೆ ತಂದಿತು. ಒಳ್ಳೆಯ ಮನಸ್ಸಿನಿಂದಲೇ ತಂದದ್ದು. ಕಮಲಾ ಸಿದ್ದಿಯಂಥ ಪ್ರತಿಭೆ ಬೆಳಕಿಗೆ ಬಂದದ್ದೂ ಅದರಿಂದಲೇ. ಆದರೆ ಅದರ ಬುಡದಲ್ಲಿದ್ದ ಎಣಿಕೆ ಎರಡು ರೀತಿಯಲ್ಲಿ ಕಚ್ಚಾ ಆಗಿತ್ತು. ಒಂದು, ಆಫ್ರಿಕದ ರಕ್ತ ಇದ್ದರೆ ಪದಕ ತಾನಾಗಿ ಬರುತ್ತದೆ ಎಂಬ ನಂಬಿಕೆ. ರಕ್ತಕ್ಕೆ ಇಟ್ಟ ಬೆಲೆಯನ್ನು ಊಟಕ್ಕೆ, ಓದಿಗೆ, ಮುಂದಿನ ಉದ್ಯೋಗಕ್ಕೆ ಇಡಲಿಲ್ಲ. ಎರಡು, ಮಕ್ಕಳನ್ನು ಊರಿನಿಂದ ಎತ್ತಿ ದೂರದ ಹಾಸ್ಟೆಲುಗಳಿಗೆ ಒಯ್ದದ್ದು. 1993ರ ಹೊತ್ತಿಗೆ ಯೋಜನೆ ನಿಂತುಹೋಯಿತು. ಹಿಂದಿರುಗಿದ ಮಕ್ಕಳಿಗೆ ಊರಲ್ಲಿ ಅಂಗಳವಿಲ್ಲ, ತರಬೇತುದಾರರಿಲ್ಲ, ಮುಂದಿನ ದಾರಿಯಿಲ್ಲ. ಒಂದು ತಲೆಮಾರು ಹಾಗೇ ಕೈತಪ್ಪಿತು. ಈಚಿನ ವರ್ಷಗಳಲ್ಲಿ ನಿತೀಶ್ ಚಿನಿವಾರ್ ಅವರ ‘ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್’ ಸಂಸ್ಥೆ ಮುಂಡಗೋಡದಲ್ಲೇ ನೆಲೆಯೂರಿ ಸಿದ್ದಿ ಮಕ್ಕಳ ಜೊತೆ ಕೆಲಸ ಮಾಡುತ್ತಿದೆ. ಅದರ ಪದಕಗಳಿಗಿಂತ ಅದು ಅಲ್ಲಿಯೇ ಬೇರೂರಿರುವುದು ನನಗೆ ದೊಡ್ಡದು.

ಈಗ ಹೊರಡುವವರ ಮಾತಿಗೆ ಮರಳುತ್ತೇನೆ. ಆಫ್ರಿಕದ ಹಳ್ಳಿಗೆ ಹೋದ ಇಂಗ್ಲೆಂಡಿನ ವಿದ್ಯಾರ್ಥಿ ಬಹಳ ಕಲಿಯುತ್ತಾನೆ, ಅದರಲ್ಲಿ ಅನುಮಾನವಿಲ್ಲ. ಚಿಂದಿ ಮತ್ತು ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಬಿಗಿದ ಚೆಂಡಿನಲ್ಲಿ ಆಡುವ ಮಕ್ಕಳ ಕಾಲಿನ ಹತೋಟಿ ನೋಡಿ ಬೆರಗಾಗುತ್ತಾನೆ. ಆದರೆ ಕಲಿಕೆಯ ಲಾಭ ಅವನದಾಗಿ, ಖರ್ಚು ಆ ಮಕ್ಕಳದಾಗಬಾರದು. ಇಂಗ್ಲೆಂಡಿನಲ್ಲಿ ಮಕ್ಕಳಿಗೆ ನಿಯಮಿತವಾಗಿ ಆಟ ಕಲಿಸುವವರು ತಮ್ಮ ಮೇಲೆ ಅಪರಾಧದ ದಾಖಲೆಯಿದೆಯೇ ಎಂದು ನೋಡುವ ಡಿಬಿಎಸ್ ತಪಾಸಣೆಗೆ ಒಳಗಾಗಬೇಕು. ಮಗುವಿನ ಫೋಟೊ ತೆಗೆಯಬೇಕಾದರೆ ಹೆತ್ತವರನ್ನು ಕೇಳಬೇಕು. ಅದೇ ಯುವಕ ವಿಮಾನ ಇಳಿದೊಡನೆ ಈ ನಿಯಮಗಳೆಲ್ಲ ಸಡಿಲವಾಗುವುದು ಸಲ್ಲದು. ಜಾಂಬಿಯಾದ ಮಗುವಿನ ಮಾನ ಬರ್ಮಿಂಗ್‌ಹ್ಯಾಮ್‌ನ ಮಗುವಿನ ಮಾನಕ್ಕಿಂತ ಅಗ್ಗವೆಂದು ಯಾರು ಹೇಳಿದರು?

ಆಟ ಒಂದೇ ದಿಕ್ಕಿಗೆ ಹರಿಯುತ್ತದೆ ಎಂಬ ಭ್ರಮೆಯೂ ಬೇಡ. ಇಂಗ್ಲಿಷರು ಬಿಟ್ಟುಹೋದ ನೆಟ್‌ಬಾಲನ್ನು ಮಲಾವಿಯ ಹುಡುಗಿಯರು ಹಳ್ಳಿಹಳ್ಳಿಯ ಮಣ್ಣಿನ ಅಂಗಳಗಳಲ್ಲಿ ಎಷ್ಟು ಪಳಗಿಸಿಕೊಂಡರೆಂದರೆ, 2018ರ ಕಾಮನ್‌ವೆಲ್ತ್ ಕೂಟದಲ್ಲಿ ಅವರ ತಂಡ ನ್ಯೂಜಿಲೆಂಡನ್ನೇ ಸೋಲಿಸಿತು. ಆ ದೇಶದ ಜಾಯ್ಸ್ ಮ್ವುಲಾ ಮ್ಯಾಂಚೆಸ್ಟರ್ ಥಂಡರ್ ತಂಡಕ್ಕೆ ಬಂದು ಗೋಲು ಹಾಕಿದರು. ಆ ತಂಡ 2019 ಮತ್ತು 2022ರಲ್ಲಿ ಲೀಗ್ ಗೆದ್ದಿತು. ಮ್ಯಾಂಚೆಸ್ಟರ್‌ನ ಶಾಲಾ ಹುಡುಗಿಯರು ಚೆಂಡು ಎಸೆಯುವುದನ್ನು ಮಲಾವಿಯವಳನ್ನು ನೋಡಿ ಕಲಿತರು.

ಹಾಗಾಗಿ ಬಂಧುಗಳ ಮನೆಯ ಮಗಳೋ ಮಗನೋ ಇಂಥ ಯಾತ್ರೆಗೆ ಹೊರಟು, ನಿಮ್ಮಲ್ಲಿ ದೇಣಿಗೆ ಕೇಳಿದರೆ, ಕೊಡುವ ಮುನ್ನ ಕೆಲವು ಮಾತು ಕೇಳಿ. ಆ ಊರಲ್ಲಿ ತಂಡವನ್ನು ನಡೆಸುವವರ ಹೆಸರೇನು? ಅವರಿಗೆ ಗೌರವಧನ ಸಿಗುತ್ತದೆಯೇ? ನೀನು ಕಟ್ಟಿದ ಹಣದಲ್ಲಿ ಅಲ್ಲಿಗೆ ಮುಟ್ಟುವುದೆಷ್ಟು, ಮಧ್ಯದ ಪ್ರವಾಸ ಕಂಪನಿಗೆ ಹೋಗುವುದೆಷ್ಟು? ಮುಂದಿನ ವರ್ಷ ಅವರಲ್ಲಿ ಯಾರಾದರೂ ಇಲ್ಲಿಗೆ ಬರುವ ಏರ್ಪಾಡಿದೆಯೇ? ಉತ್ತರ ನೇರವಾಗಿ ಬಂದರೆ ಮನಸಾರೆ ಕೊಡಿ, ಹರಸಿ ಕಳಿಸಿ. ಉತ್ತರ ಬರದಿದ್ದರೆ ಅವರನ್ನು ನಿರಾಸೆಗೊಳಿಸಬೇಕಾಗಿಲ್ಲ. ಬರ್ಮಿಂಗ್‌ಹ್ಯಾಮ್‌ನ ಸ್ಪಾರ್ಕ್‌ಬ್ರೂಕ್‌ನಲ್ಲಿ, ಮ್ಯಾಂಚೆಸ್ಟರ್‌ನ ಮಾಸ್ ಸೈಡ್‌ನಲ್ಲಿ, ಲೀಡ್ಸ್‌ನ ಹೇರ್‌ಹಿಲ್ಸ್‌ನಲ್ಲಿ ಆಫ್ರಿಕದಿಂದ, ಏಷ್ಯಾದಿಂದ ಬಂದ ಮನೆಗಳ ಮಕ್ಕಳು ಬೀದಿ ತುಂಬ ಇದ್ದಾರೆ. ಅಲ್ಲಿ ಶನಿವಾರ ಬೆಳಿಗ್ಗೆ ತರಬೇತುದಾರರ ಕೊರತೆ ಸದಾ ಇರುತ್ತದೆ. ಅದಕ್ಕೂ ಬೇಕಾಗುವುದು ಅದೇ ಡಿಬಿಎಸ್ ಪ್ರಮಾಣಪತ್ರ, ಖರ್ಚು ಬಸ್ಸಿನ ಟಿಕೆಟ್ಟಿನಷ್ಟೇ, ಮತ್ತು ಮುಂದಿನ ಶನಿವಾರವೂ ಅವರು ಅಲ್ಲಿಗೆ ಹೋಗಬಹುದು.