ಸಹವಾಸ ದೋಷವೇ, ಸಹವಾಸ ಬಲವೇ?

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಹದಿಹರೆಯದವರ ಸಾಹಿತ್ಯದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ಹೇಳಿದ್ದಾರೆ. ಈ ಹೆಸರು ನಮ್ಮಲ್ಲಿ ಅನೇಕರಿಗೆ ಹೊಸದು. ಮಕ್ಕಳ ಕಥೆ ಗೊತ್ತು, ದೊಡ್ಡವರ ಕಾದಂಬರಿ ಗೊತ್ತು. ಎಂಟನೇ ತರಗತಿಗೆ ಬಂದ ಹುಡುಗನಿಗೆ ನರಿ-ದ್ರಾಕ್ಷಿಯ ಕಥೆ ಸಾಲದು. ದೊಡ್ಡವರ ಕಾದಂಬರಿ ಇನ್ನೂ ಕೈಗೆ ಹತ್ತದು. ಆ ನಡುವಿನ ವಯಸ್ಸಿನವರ ಸ್ನೇಹ, ಜಗಳ, ಮನೆಯ ಸಂಕಟ ಇವನ್ನು ಅವರ ಕಣ್ಣಿನಿಂದಲೇ ನೋಡಿ ಬರೆದ ಕಥೆಗಳೇ ಹದಿಹರೆಯದವರ ಸಾಹಿತ್ಯ.

ಆ ವಯಸ್ಸಿನ ಮಕ್ಕಳು ದಾರಿ ತಪ್ಪಿದಾಗ ನಾವು ಹಿರಿಯರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: "ಎಲ್ಲ ಸಹವಾಸ ದೋಷ." ಮನೆಯಲ್ಲಿ ಏನಾಗಿದೆ ಎಂದು ಕೇಳುವುದಕ್ಕಿಂತ ಗೆಳೆಯರನ್ನು ಬೈಯುವುದು ಸುಲಭ. ಈ ಮಾತನ್ನು ತಿರುಗಿಸಿ ನೋಡಿದ ಎರಡು ಕಾದಂಬರಿಗಳನ್ನು ಇಂದು ನಿಮಗೆ ಪರಿಚಯಿಸುತ್ತೇನೆ. ಎರಡೂ ಅಮೆರಿಕದವು. ಊರು ದೂರದ್ದಾದರೂ ಸಂಕಟ ದೂರದ್ದಲ್ಲ.

ಮೊದಲನೆಯದು 'ದಿ ಔಟ್‌ಸೈಡರ್ಸ್'. ಬರೆದವರು ಎಸ್.ಇ. ಹಿಂಟನ್. ಒಕ್ಲಹೋಮ ರಾಜ್ಯದ ಟಲ್ಸಾ ನಗರದಲ್ಲಿ ಹೈಸ್ಕೂಲಿನಲ್ಲಿ ಓದುತ್ತಿರುವಾಗ, 15ನೇ ವಯಸ್ಸಿನಲ್ಲಿ ಆ ಹುಡುಗಿ ಇದನ್ನು ಬರೆಯಲು ಶುರುಮಾಡಿದಳು. 1967ರಲ್ಲಿ ಪುಸ್ತಕ ಹೊರಬಂದಾಗ ಅವಳಿಗೆ 18 ವರ್ಷ. ಹುಡುಗರ ಹೊಡೆದಾಟದ ಕಥೆಯನ್ನು ಹುಡುಗಿ ಬರೆದಳೆಂದರೆ ಓದುಗರು ಒಪ್ಪುತ್ತಾರೋ ಇಲ್ಲವೋ ಎಂದು ಪ್ರಕಾಶಕರು ಹೆಸರಿನ ಮೊದಲ ಅಕ್ಷರಗಳನ್ನಷ್ಟೇ ಹಾಕಿಸಿದರು.

ಕಥೆ ಹೇಳುವವನು ಪೋನಿಬಾಯ್ ಎಂಬ 14 ವರ್ಷದ ಹುಡುಗ. ತಂದೆತಾಯಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದಾರೆ. ಇಪ್ಪತ್ತು ವರ್ಷದ ದೊಡ್ಡಣ್ಣ ಡ್ಯಾರಿ ಕಾಲೇಜಿನ ಆಸೆ ಬಿಟ್ಟು, ಮನೆಗಳ ಛಾವಣಿ ಹಾಕುವ ಕೆಲಸಕ್ಕೆ ಹೋಗಿ ಇಬ್ಬರು ತಮ್ಮಂದಿರನ್ನು ಸಾಕುತ್ತಿದ್ದಾನೆ. ಏನಾದರೂ ಎಡವಟ್ಟಾದರೆ ತಮ್ಮಂದಿರನ್ನು ಸರ್ಕಾರ ಕರೆದುಕೊಂಡು ಹೋಗುತ್ತದೆ ಎಂಬ ಭಯ ಅವನಿಗೆ. ಆ ಭಯ ಹೊರಗೆ ಬರುವುದು ಸಿಟ್ಟಾಗಿ. ತಮ್ಮನಿಗೆ ಕಾಣುವುದು ಸಿಟ್ಟು ಮಾತ್ರ. ದುಡಿದು ಬಂದು ಗದರಿಸುವ ಅಣ್ಣಂದಿರು, ಅಪ್ಪಂದಿರು ನಮ್ಮ ಬೀದಿಗಳಲ್ಲಿ ಇಲ್ಲವೇ?

ಪೋನಿಬಾಯ್‌ನ ಗೆಳೆಯ ಜಾನಿಯ ಸ್ಥಿತಿ ಇನ್ನೂ ಕಷ್ಟ. ಅಪ್ಪ ಹೊಡೆಯುತ್ತಾನೆ, ಅಮ್ಮ ಕಣ್ಣೆತ್ತಿ ನೋಡುವುದಿಲ್ಲ. ಅವನಿಗೆ ಮನೆಯೆಂದರೆ ಆ ಬಡ ಹುಡುಗರ ಗುಂಪೇ. ಊರು ಆ ಗುಂಪನ್ನು ಪುಂಡರೆಂದು ಕರೆಯುತ್ತದೆ. ಆದರೆ ಜಾನಿಯ ಬೆನ್ನ ಮೇಲಿನ ಬಾಸುಂಡೆಗಳ ಹಿಂದಿನ ಕಥೆ ಗೊತ್ತಿದ್ದದ್ದು ಆ ಪುಂಡರಿಗೆ.

ಈ ಪುಸ್ತಕದ ಜೊತೆ ಒಂದು ಶಾಲೆಯ ಹೆಸರೂ ಸೇರಿಕೊಂಡಿದೆ. ಕ್ಯಾಲಿಫೋರ್ನಿಯಾದ ಫ್ರೆಸ್ನೋ ಬಳಿಯ ಲೋನ್ ಸ್ಟಾರ್ ಶಾಲೆಯ ಗ್ರಂಥಪಾಲಕಿ ಮತ್ತು ಮಕ್ಕಳು 1980ರಲ್ಲಿ ಪ್ರಸಿದ್ಧ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಅವರಿಗೆ, ಈ ಕಥೆಯನ್ನು ಸಿನಿಮಾ ಮಾಡಿ ಎಂದು ಪತ್ರ ಬರೆದು ಸಹಿ ಹಾಕಿ ಕಳಿಸಿದರು. 1983ರಲ್ಲಿ ಸಿನಿಮಾ ಬಂತು. ಒಂದು ಶಾಲೆಯ ಗ್ರಂಥಾಲಯ ಬಾಗಿಲು ತೆರೆದಿದ್ದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಎರಡನೆಯದು ಈಚಿನದು, ಜೇಸನ್ ರೆನಾಲ್ಡ್ಸ್ ಅವರು 2016ರಲ್ಲಿ ಪ್ರಕಟಿಸಿದ 'ಘೋಸ್ಟ್'. 17 ವರ್ಷ ಆಗುವವರೆಗೂ ಒಂದು ಕಾದಂಬರಿಯನ್ನೂ ಪೂರ್ತಿ ಓದಿರಲಿಲ್ಲ ಎಂದು ಹೇಳಿಕೊಂಡ ಲೇಖಕ ಇವರು. ಪುಸ್ತಕ ಕಂಡರೆ ಓಡುವ ಮಕ್ಕಳಿಗಾಗಿಯೇ ಬರೆಯುತ್ತಾರೆ.

ಇದರ ನಾಯಕ ಕ್ಯಾಸಲ್ ಏಳನೇ ತರಗತಿಯ ಹುಡುಗ. ಒಂದು ರಾತ್ರಿ ಕುಡಿದ ಅಪ್ಪ ಬಂದೂಕು ಹಿಡಿದಾಗ ತಾಯಿಯೂ ಮಗನೂ ಓಡಿ ಪಾರಾಗಿದ್ದಾರೆ. ಅಪ್ಪ ಜೈಲಿನಲ್ಲಿದ್ದಾನೆ. ಆದರೂ ಹುಡುಗ ತನ್ನ ಕೋಣೆಯಲ್ಲಿ ಮಲಗಲಾರ, ಹಜಾರದಲ್ಲೇ ಹಾಸಿಗೆ. ಶಾಲೆಯಲ್ಲಿ ಮಾತೆತ್ತಿದರೆ ಜಗಳ. ಓಟದ ತಂಡಕ್ಕೆ ಸೇರಿದ ಮೇಲೆ ದುಬಾರಿ ಶೂ ಒಂದು ಜೊತೆ ಕದಿಯುತ್ತಾನೆ. ಕೋಚ್‌ಗೆ ವಿಷಯ ತಿಳಿಯುತ್ತದೆ. ಅವರು ಬಿಸಿ ಮುಟ್ಟಿಸುತ್ತಾರೆ, ಆದರೆ ಹುಡುಗನನ್ನು ಕೈಬಿಡುವುದಿಲ್ಲ. ಅವರೂ ಅಂಥದೇ ಕೇರಿಯಲ್ಲಿ, ಅಂಥದೇ ಮನೆಯಲ್ಲಿ ಬೆಳೆದವರು.

ಈ ಕಾದಂಬರಿಯಲ್ಲಿ ಒಂದು ಊಟದ ಸಂದರ್ಭ ಬರುತ್ತದೆ. ತಂಡಕ್ಕೆ ಹೊಸದಾಗಿ ಸೇರಿದ ನಾಲ್ವರು ಮಕ್ಕಳು ಒಂದೇ ಮೇಜಿನ ಸುತ್ತ ಕೂತು, ತಮ್ಮ ಬಗ್ಗೆ ಯಾರಿಗೂ ಹೇಳದ ಒಂದೊಂದು ಮಾತು ಹೇಳಬೇಕು. ಒಬ್ಬನ ತಾಯಿ ಅವನ ಹೆರಿಗೆಯಲ್ಲೇ ತೀರಿಕೊಂಡವಳು. ಒಬ್ಬಳ ತಾಯಿ ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವಳು. ಕ್ಯಾಸಲ್ ತನ್ನ ಅಪ್ಪನ ವಿಷಯ ಹೇಳುತ್ತಾನೆ. ಯಾರೂ ನಗುವುದಿಲ್ಲ.

ಗಮನಿಸಿ: ಈ ಎರಡೂ ಪುಸ್ತಕಗಳಲ್ಲಿ ಸತ್ತವರು ಎದ್ದು ಬರುವುದಿಲ್ಲ, ಕೆಟ್ಟ ಅಪ್ಪ ಒಂದೇ ದಿನದಲ್ಲಿ ಒಳ್ಳೆಯವನಾಗುವುದಿಲ್ಲ. ಬದಲಾಗುವುದು ಇಷ್ಟೇ: ಒಳಗೆ ಒತ್ತಿಟ್ಟ ಮಾತು ಹೇಳಿಕೊಳ್ಳಲು ಒಬ್ಬರು ಸಿಗುತ್ತಾರೆ. ಅದೇ ಸಹವಾಸ ಬಲ.

ಆದರೆ ಸ್ನೇಹವೊಂದೇ ಸಾಕೆಂದು ಈ ಪುಸ್ತಕಗಳು ಹೇಳುವುದಿಲ್ಲ. ಜಾನಿಯ ಗೆಳೆಯರು ಅವನಿಗಾಗಿ ಜೀವ ಬಿಡಲೂ ಸಿದ್ಧ; ಆದರೂ ಜಾನಿ ಉಳಿಯುವುದಿಲ್ಲ. ಸಮಯಕ್ಕೆ ಕೈಹಿಡಿಯುವ ಒಬ್ಬ ಹಿರಿಯ ಅವನಿಗೆ ಸಿಗಲಿಲ್ಲ. ಕ್ಯಾಸಲ್‌ಗೆ ಸಿಕ್ಕರು. ಎರಡು ಹುಡುಗರ ನಡುವಿನ ವ್ಯತ್ಯಾಸ ಅಷ್ಟೇ. ಆ ವ್ಯತ್ಯಾಸ ಇಲ್ಲಿ ಕೂತಿರುವ ನಮ್ಮ ಕೈಯಲ್ಲಿದೆ.

ಕನ್ನಡದಲ್ಲಿ ಇದಕ್ಕೆ ನೆಲ ಹದವಾಗಿಯೇ ಇದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2011ರಲ್ಲಿ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಕೃತಿಗೆ ಬಂತು. ಮಕ್ಕಳ ಕೈಗೆ ಗಟ್ಟಿ ವಿಷಯ ಕೊಡಬಹುದೆಂದು ಅಂಥವರು ತೋರಿಸಿದ್ದಾರೆ. ಅಪ್ಪನ ಕುಡಿತ, ಸಾಲ, ಹತ್ತನೇ ತರಗತಿಗೇ ಓದು ನಿಲ್ಲಿಸಿ ಮದುವೆಯ ಮಾತೆತ್ತುವ ಮನೆ, ಇವು ಹದಿನಾಲ್ಕರ ಕಣ್ಣಿಗೆ ಹೇಗೆ ಕಾಣುತ್ತವೆ ಎಂಬ ಕಥೆಗಳು ಇನ್ನಷ್ಟು ಬರಬೇಕು. ಬರೆಯುವವರು ಈ ಶಾಲೆಯ ಮಕ್ಕಳೇ ಯಾಕಾಗಬಾರದು? ಹಿಂಟನ್ ಬರೆದದ್ದೂ ಇದೇ ವಯಸ್ಸಿನಲ್ಲಿ.

ಕೊನೆಗೆ ಮೂರು ವಿನಂತಿ. ಹಳೆಯ ವಿದ್ಯಾರ್ಥಿಗಳಲ್ಲಿ: ಕಮಾನು ಕಟ್ಟಿಸುವ ಹಣದಲ್ಲಿ ಸ್ವಲ್ಪವನ್ನು ಇಂಥ ಪುಸ್ತಕಗಳಿಗೆ ಇಡಿ. ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ: ಬೀರುವಿಗೆ ಬೀಗ ಹಾಕಬೇಡಿ, ಕಥೆ ಮುಗಿದೊಡನೆ "ನೀತಿ ಏನು?" ಎಂದು ಕೇಳಬೇಡಿ. ಓದಿದ ಮಗು ಒಂದು ದಿನ "ನಮ್ಮ ಮನೆಯಲ್ಲೂ ಹೀಗೇ" ಎಂದರೆ ಕೂತು ಕೇಳಿ. ಅಪಾಯವಿದ್ದರೆ 1098 ಮಕ್ಕಳ ಸಹಾಯವಾಣಿ ಇದೆ. ತಂದೆತಾಯಿಯರಲ್ಲಿ: ಮಗನ, ಮಗಳ ಗೆಳೆಯರನ್ನು ಬೈಯುವ ಮೊದಲು ಒಮ್ಮೆ ಮನೆಗೆ ಕರೆದು ಊಟಕ್ಕೆ ಹಾಕಿ. ನಿಮ್ಮ ಮಗುವಿನ ಬಗ್ಗೆ ನಿಮಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರಬಹುದು.

ಐವತ್ತು ತುಂಬಿದ ಈ ಶಾಲೆ ನೂರು ಕಾಣಲಿ.