ರಸ್ತೆಯ ಗಡುವು, ಗುಡ್ಡದ ಮಳೆಗಾಲ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



2018ರ ಜನವರಿ 20ರಂದು ಶಿರಾಡಿ ಘಾಟಿಯ ರಸ್ತೆ ಸಂಚಾರಕ್ಕೆ ಮುಚ್ಚಿತು. ಬೆಂಗಳೂರು ಮತ್ತು ಮಂಗಳೂರುಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ, ಕೆಂಪುಹೊಳೆಯಿಂದ ಅಡ್ಡಹೊಳೆಯವರೆಗೆ ಸುಮಾರು 12 ಕಿಲೋಮೀಟರ್ ಉದ್ದಕ್ಕೆ ಕಾಂಕ್ರೀಟ್ ಹಾಸುವ ಕಾಮಗಾರಿ ಅದು. ಘಾಟಿಯ ಮೇಲ್ಭಾಗದಲ್ಲಿ ಇದೇ ಕೆಲಸ 2015ರಲ್ಲಿ, ಹೀಗೆಯೇ ತಿಂಗಳುಗಟ್ಟಲೆ ಸಂಚಾರ ನಿಲ್ಲಿಸಿ ನಡೆದಿತ್ತು. ಎರಡನೆಯ ಹಂತ ಮುಗಿದು ರಸ್ತೆ ತೆರೆದದ್ದು ಜುಲೈ 15ರಂದು. ಸುಮಾರು ಆರು ತಿಂಗಳು ಗುಂಡ್ಯದ ಆಸುಪಾಸಿನ ಹೋಟೆಲು, ಅಂಗಡಿ, ಟಯರ್ ಪಂಕ್ಚರ್ ಹಾಕುವವರ ಗುಡಿಸಲುಗಳಿಗೆ ದಾರಿಹೋಕರೇ ಇಲ್ಲವಾದರು.

ಇಷ್ಟು ಓಡಾಟವಿರುವ ಹೆದ್ದಾರಿಯನ್ನು ಪೂರ್ತಿ ಮುಚ್ಚಲೇಬೇಕಿತ್ತೇ ಎಂದು ಆಗ ಅನೇಕರು ಕೇಳಿದರು. ಬಯಲುಸೀಮೆಯಲ್ಲಾದರೆ ರಸ್ತೆಯ ಒಂದು ಮಗ್ಗುಲಲ್ಲಿ ಮಣ್ಣಿನ ದಾರಿ ಮಾಡಿ ವಾಹನಗಳನ್ನು ಬಿಡಬಹುದು. ಘಾಟಿಯಲ್ಲಿ ಒಂದು ಕಡೆ ಗುಡ್ಡದ ಗೋಡೆ, ಇನ್ನೊಂದು ಕಡೆ ಪ್ರಪಾತ. ಅರ್ಧ ರಸ್ತೆಯಲ್ಲಿ ಯಂತ್ರಗಳು ನಿಂತರೆ ಉಳಿದರ್ಧದಲ್ಲಿ ಎರಡು ಲಾರಿ ಎದುರುಬದುರಾಗಲು ಸ್ಥಳವಿಲ್ಲ. ಅದಕ್ಕಿಂತ ಮುಖ್ಯವಾದ ಕಾರಣ ಕಾಂಕ್ರೀಟಿನ ಸ್ವಭಾವದಲ್ಲಿದೆ. ಮನೆಯ ತಾರಸಿ ಹಾಕಿದ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ದಿನಗಟ್ಟಲೆ ನೀರು ನಿಲ್ಲಿಸುವುದನ್ನು ಎಲ್ಲರೂ ಕಂಡಿದ್ದಾರೆ. ರಸ್ತೆಗೂ ಅದೇ ನಿಯಮ. ಮೊದಲು ಹಳೆಯ ಡಾಂಬರನ್ನು ಕಿತ್ತು, ಜಲ್ಲಿಯ ಪದರ ಹಾಸಿ, ಅದರ ಮೇಲೆ ಸಿಮೆಂಟ್ ಕಡಿಮೆಯಿರುವ ತೆಳು ಕಾಂಕ್ರೀಟ್ ಹಾಕಿ, ಆಮೇಲೆ ದಪ್ಪನೆಯ ಮೇಲ್ಪದರ ಹಾಸಬೇಕು. ಹಾಸಿದ ಕೆಲವೇ ಗಂಟೆಗಳಲ್ಲಿ, ಕಾಂಕ್ರೀಟ್ ತಾನಾಗಿ ಬಿರಿಯುವ ಮೊದಲೇ, ಗೊತ್ತಾದ ಅಂತರಗಳಲ್ಲಿ ಗರಗಸದಿಂದ ಸೀಳು ಕೊಯ್ಯಬೇಕು. ನಂತರ ಒದ್ದೆ ಗೋಣಿ ಹೊದಿಸಿ ನೀರುಣಿಸಬೇಕು. ಅದರ ಬಲವನ್ನು ಅಳೆಯುವುದು ವಾಡಿಕೆಯಂತೆ 28ನೆಯ ದಿನ. ಹೆಚ್ಚು ಕೂಲಿ ಕೊಟ್ಟರೆ, ರಾತ್ರಿ ದೀಪ ಹಚ್ಚಿದರೆ ಜಲ್ಲಿ ಬೇಗ ಬಂದೀತು. ಕಾಂಕ್ರೀಟ್ ಮಾಗುವುದಕ್ಕೆ ಮಾತ್ರ ಅದರದೇ ಆದ ಕಾಲ ಬೇಕು.

ಡಾಂಬರನ್ನು ಬಿಟ್ಟು ಕಾಂಕ್ರೀಟಿಗೆ ಹೋದದ್ದಕ್ಕೂ ಹಿನ್ನೆಲೆಯಿದೆ. 2010ರಲ್ಲಿ ರಾಜ್ಯ ಸರ್ಕಾರ ಕಬ್ಬಿಣದ ಅದಿರಿನ ರಫ್ತಿಗೆ ತಡೆಹಾಕುವವರೆಗೆ ಅದಿರಿನ ಲಾರಿಗಳು ಮಿತಿಮೀರಿದ ಭಾರ ಹೊತ್ತು ಮಂಗಳೂರಿನ ಬಂದರಿಗೆ ಇದೇ ದಾರಿಯಲ್ಲಿ ಇಳಿಯುತ್ತಿದ್ದವು. ಚಕ್ರದಡಿಯಲ್ಲಿ ಬಿರಿದ ಡಾಂಬರಿನೊಳಗೆ ಮಲೆನಾಡಿನ ಮಳೆ ಇಳಿದರೆ ಆ ರಸ್ತೆ ಎಷ್ಟು ದಿನ ಬಾಳೀತು? ಪ್ರತಿ ಮಳೆಗಾಲ ಹೊಂಡ, ಪ್ರತಿ ಬೇಸಿಗೆ ತೇಪೆ. ಆದ್ದರಿಂದ ಕಾಂಕ್ರೀಟಿನ ನಿರ್ಧಾರವನ್ನು ತಪ್ಪೆಂದು ಹೇಳಲಾಗದು. ಪ್ರಶ್ನೆ ಇರುವುದು ಗಡುವಿನ ಲೆಕ್ಕದಲ್ಲಿ ಏನೇನು ಸೇರಿತ್ತು, ಏನು ಹೊರಗುಳಿಯಿತು ಎಂಬುದರಲ್ಲಿ.

ಗಡುವಿನ ಕಾಮಗಾರಿಗೆ ಜಗತ್ತಿನಲ್ಲಿ ಮತ್ತೆ ಮತ್ತೆ ಉದಾಹರಿಸುವ ಪ್ರಕರಣ ಅಮೆರಿಕದ ಲಾಸ್ ಏಂಜಲಿಸ್ ನಗರದ್ದು. 1994ರ ಜನವರಿ 17ರ ನಸುಕಿನಲ್ಲಿ ಸಂಭವಿಸಿದ ನಾರ್ತ್‌ರಿಜ್ ಭೂಕಂಪದಲ್ಲಿ ಸಾಂತಾ ಮೋನಿಕಾ ಹೆದ್ದಾರಿಯ ಮೇಲ್ಸೇತುವೆಗಳು ಕುಸಿದವು. ದಿನಕ್ಕೆ ಮೂರು ಲಕ್ಷಕ್ಕೂ ಹೆಚ್ಚು ವಾಹನಗಳು ಓಡುತ್ತಿದ್ದ ದಾರಿ. ಸರ್ಕಾರ ಗುತ್ತಿಗೆದಾರರಿಗೆ 140 ದಿನಗಳ ಗಡುವು ನೀಡಿ, ಒಂದೊಂದು ದಿನ ಮೊದಲೇ ಮುಗಿಸಿದರೂ ಎರಡು ಲಕ್ಷ ಡಾಲರ್ ಬಹುಮಾನ, ಒಂದೊಂದು ದಿನ ತಡವಾದರೂ ಅಷ್ಟೇ ದಂಡ ಎಂದು ಕರಾರು ಮಾಡಿತು. ಹಗಲಿರುಳು ಪಾಳಿಯಲ್ಲಿ ದುಡಿದು 66 ದಿನಗಳಲ್ಲಿ ಕೆಲಸ ಮುಗಿಯಿತು. ಗುತ್ತಿಗೆ ಸಂಸ್ಥೆಗೆ ದೊರೆತ ಬಹುಮಾನ ಸುಮಾರು ಒಂದೂವರೆ ಕೋಟಿ ಡಾಲರ್.

ಇದನ್ನು ಮೆಚ್ಚಲೇಬೇಕು. ಆದರೆ ಅಲ್ಲಿ ಬಿದ್ದದ್ದು ಸಮತಟ್ಟಾದ ನಗರದ ಸೇತುವೆ. ಕಟ್ಟಿದ್ದು ಹಳೆಯ ಜಾಗದಲ್ಲಿಯೇ, ಮೊದಲಿಗಿಂತ ಬಲವಾದ ಕಂಬಗಳ ಮೇಲೆ. ಬಿದ್ದುದಕ್ಕೆ ಕಾರಣವಾದ ದೌರ್ಬಲ್ಯವನ್ನು ಸರಿಪಡಿಸುವುದೂ ಆ 140 ದಿನಗಳ ಲೆಕ್ಕದೊಳಗೇ ಇತ್ತು. ‘ಅಮೆರಿಕದಲ್ಲಿ ಎರಡು ತಿಂಗಳಲ್ಲಿ ಮುಗಿಸಿದರು, ಇಲ್ಲಿ ಆರು ತಿಂಗಳೇ?’ ಎಂದು ಕೇಳುವವರು ಈ ಅಂಶವನ್ನು ಗಮನಿಸುವುದಿಲ್ಲ.

ಮತ್ತೆ ಶಿರಾಡಿಗೆ ಬರೋಣ. ಅಲ್ಲಿ ರಸ್ತೆ ಮುಚ್ಚಿದಾಗ ವಾಹನಗಳು ಚಾರ್ಮಾಡಿ, ಸಂಪಾಜೆ ಮೊದಲಾದ ದಾರಿಗಳಿಗೆ ತಿರುಗಿದವು. ಒಂದು ಘಾಟಿಯ ದುರಸ್ತಿಯ ಭಾರವನ್ನು ಇನ್ನೊಂದು ಘಾಟಿ ಹೊರಬೇಕಾಯಿತು. ಬೇಸಿಗೆಯಲ್ಲಿ ಹೇಗೋ ನಡೆಯಿತು. ಜೂನ್ ಎರಡನೆಯ ವಾರದಲ್ಲಿ ಚಾರ್ಮಾಡಿಯ ತಿರುವುಗಳಲ್ಲಿ ಗುಡ್ಡ ಜರಿಯಿತು. ನೂರಾರು ವಾಹನಗಳು ಮುಂದಕ್ಕೂ ಹೋಗಲಾಗದೆ, ಹಿಂದಕ್ಕೂ ತಿರುಗಲಾಗದೆ ರಾತ್ರಿಯಿಡೀ ಮಳೆಯಲ್ಲಿ ನಿಂತವು. ಶಿರಾಡಿ ಆಗಿನ್ನೂ ತೆರೆದಿರಲಿಲ್ಲ. ಹೆರಿಗೆಗೋ ಹೃದಯದ ಚಿಕಿತ್ಸೆಗೋ ಮಂಗಳೂರಿನ ಆಸ್ಪತ್ರೆಯನ್ನು ನಂಬಿದ ಮಲೆನಾಡಿನ ಕುಟುಂಬಗಳಿಗೆ ಇದು ಕೇವಲ ಅನನುಕೂಲದ ಮಾತಲ್ಲ.

ಜುಲೈ 15ರಂದು ಶಿರಾಡಿ ತೆರೆಯಿತು. ಬಿಳಿಯ ನುಣುಪಾದ ರಸ್ತೆ ಕಂಡು ಜನ ಸಂತೋಷಪಟ್ಟರು. ಒಂದು ತಿಂಗಳಷ್ಟೇ. ಆಗಸ್ಟ್ ಮಧ್ಯಭಾಗದ ಮಹಾಮಳೆಗೆ ಘಾಟಿಯಲ್ಲಿ ಹಲವೆಡೆ ಗುಡ್ಡ ಕುಸಿದು ಸಂಚಾರ ಮತ್ತೆ ನಿಂತಿತು. ಸಂಚಾರವನ್ನು ನಿಲ್ಲಿಸಿದ್ದು ಕಾಂಕ್ರೀಟಿನ ಬಿರುಕಲ್ಲ. ಮೇಲಿನಿಂದ ಇಳಿದ ಮಣ್ಣು, ಕೆಳಗಿನಿಂದ ಜಾರಿದ ಅಂಚು. ಅದೇ ದಿನಗಳಲ್ಲಿ ಜೋಡುಪಾಲ, ಮದೆನಾಡು ಭಾಗದ ಕುಸಿತದಿಂದ ಮಡಿಕೇರಿ–ಸಂಪಾಜೆ ರಸ್ತೆಯೂ, ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ರೈಲುಮಾರ್ಗವೂ ನಿಂತುಹೋದವು.

ಕಾಂಕ್ರೀಟ್ ರಸ್ತೆ ನೀರನ್ನು ಹೀರುವುದಿಲ್ಲ. ಬಿದ್ದ ಮಳೆಯೆಲ್ಲ ಅಂಚಿಗೆ ಓಡುತ್ತದೆ. ಗುಡ್ಡದ ಮಗ್ಗುಲಿನ ಚರಂಡಿಯಲ್ಲಿ ಮಣ್ಣು ತುಂಬಿದ್ದರೆ, ಮೋರಿಯ ಬಾಯಿಗೆ ಮರದ ದಿಮ್ಮಿ ಸಿಕ್ಕಿಕೊಂಡಿದ್ದರೆ ಆ ನೀರು ರಸ್ತೆಯನ್ನು ದಾಟಿ ಕಣಿವೆಯ ಕಡೆಯ ಅಂಚನ್ನು ಕೊರೆಯುತ್ತದೆ. ತಡೆಗೋಡೆಯಲ್ಲಿ ನೀರು ಬಸಿಯುವ ರಂಧ್ರಗಳು ಮುಚ್ಚಿಹೋಗಿದ್ದರೆ ಗೋಡೆಯ ಹಿಂದಿನ ಮಣ್ಣು ನೀರು ಕುಡಿದು ಭಾರವಾಗಿ ಗೋಡೆಯನ್ನೇ ನೂಕುತ್ತದೆ. ಕಾಮಗಾರಿಯಲ್ಲಿ ಅಗೆದ ಮಣ್ಣನ್ನು ಕಣಿವೆಗೆ ತಳ್ಳಿದರೆ ಅದು ಕೆಂಪುಹೊಳೆ, ಅಡ್ಡಹೊಳೆಗಳ ಮೂಲಕ ಗುಂಡ್ಯ ಹೊಳೆಗೆ, ಅಲ್ಲಿಂದ ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಇವೆಲ್ಲ ರಸ್ತೆಯ ಭಾಗವೇ. ಆದರೆ ಗಡುವು ಸಮೀಪಿಸಿದಾಗ ದಿನದ ಪ್ರಗತಿಯನ್ನು ಅಳೆಯುವುದು ಹಾಸಿದ ಮೀಟರುಗಳಲ್ಲಿ. ಸ್ವಚ್ಛವಾದ ಮೋರಿಗಳ ಸಂಖ್ಯೆಯಲ್ಲಲ್ಲ. ಉದ್ಘಾಟನೆಯ ಪಟ ತೆಗೆಯುವವರೂ ಮೋರಿಯೊಳಗೆ ಇಣುಕುವುದಿಲ್ಲ.

2024ರ ಜುಲೈನಲ್ಲಿ ಸಕಲೇಶಪುರದ ಬಳಿ ದೊಡ್ಡತಪ್ಲುವಿನಲ್ಲಿ ಗುಡ್ಡ ಮತ್ತೆ ಮತ್ತೆ ಜರಿದು ಇದೇ ಹೆದ್ದಾರಿಯ ಸಂಚಾರ ಸ್ಥಗಿತವಾಯಿತು. ಅಲ್ಲಿ ನಡೆದಿದ್ದದ್ದು ಹಳೆಯ ರಸ್ತೆಯ ದುರಸ್ತಿಯಲ್ಲ, ಚತುಷ್ಪಥಕ್ಕಾಗಿ ಗುಡ್ಡವನ್ನು ನೆಟ್ಟಗೆ ಕಡಿದು ಅಗಲ ಮಾಡುವ ಕೆಲಸ. ಇಳಿಜಾರನ್ನು ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಡಿಯಲು ಹೆಚ್ಚು ಜಾಗ, ಹೆಚ್ಚು ಹಣ, ಹೆಚ್ಚು ಸಮಯ ಬೇಕು. ನೆಟ್ಟಗೆ ಕಡಿದರೆ ಮೂರೂ ಉಳಿಯುತ್ತವೆ, ಮಳೆ ಬರುವವರೆಗೆ.

ಘಾಟಿಯ ರಸ್ತೆ ಇನ್ನೊಮ್ಮೆ ಮುಚ್ಚುವ ಪ್ರಕಟಣೆ ಬಂದಾಗ ಗ್ರಾಮಸಭೆಗಳು ಕೇಳಬೇಕಾದದ್ದು ‘ಯಾವಾಗ ತೆರೆಯುತ್ತೀರಿ’ ಎಂಬುದೊಂದನ್ನೇ ಅಲ್ಲ. ಕೆಲಸ ಮಳೆಗಾಲ ಮುಗಿದ ಕೂಡಲೇ ಏಕೆ ಆರಂಭವಾಗಲಿಲ್ಲ? ಜನವರಿಯಲ್ಲಿ ಆರಂಭಿಸಿದರೆ ಮಳೆಗೆ ಮೊದಲು ಉಳಿಯುವುದು ನಾಲ್ಕು ತಿಂಗಳು ಮಾತ್ರ. ಚರಂಡಿ, ಮೋರಿ, ತಡೆಗೋಡೆಗಳು ಅದೇ ಗುತ್ತಿಗೆಯಲ್ಲಿವೆಯೇ, ಅದೇ ಗಡುವಿನಲ್ಲಿವೆಯೇ? ಅಗೆದ ಮಣ್ಣು ಎಲ್ಲಿಗೆ ಹೋಗುತ್ತದೆ? ಬದಲಿ ದಾರಿಯ ಇಳಿಜಾರುಗಳನ್ನು ಯಾರು ಪರೀಕ್ಷಿಸಿದ್ದಾರೆ? ಇವು ಎಂಜಿನಿಯರುಗಳಿಗೆ ತಿಳಿಯದ ಪ್ರಶ್ನೆಗಳಲ್ಲ. ಕೇಳುವವರಿದ್ದರೆ ಉತ್ತರವನ್ನು ಬರಹದಲ್ಲಿ ಕೊಡಬೇಕಾಗುತ್ತದೆ, ಅಷ್ಟೆ.

ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ತಮ್ಮ ಊರಿನ ಎಲ್ಲೆಯೊಳಗಿನ ಹೆದ್ದಾರಿಯ ಮೋರಿಗಳಿಗೆಲ್ಲ ನಕ್ಷೆಯ ಮೇಲೆ ಸಂಖ್ಯೆ ಕೊಟ್ಟು, ಮೇ ತಿಂಗಳಲ್ಲಿ ಒಮ್ಮೆ, ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ ಪ್ರತಿಯೊಂದರ ಬಾಯಿಯ ಛಾಯಾಚಿತ್ರ ತೆಗೆದು ದಿನಾಂಕ ಬರೆದಿಡುವುದು. ವಾಹನಗಳ ನಡುವೆ ಮಕ್ಕಳು ಒಬ್ಬೊಬ್ಬರೇ ಹೋಗಬಾರದು, ಹಿರಿಯರು ಜೊತೆಗಿರಬೇಕು. ಮುಚ್ಚಿದ ಮೋರಿಗಳ ಪಟ್ಟಿಯನ್ನು ಚಿತ್ರಸಹಿತ ಪಂಚಾಯಿತಿಗೂ ಹೆದ್ದಾರಿ ಇಲಾಖೆಗೂ ಜೂನ್ ಒಂದಕ್ಕೆ ಮುಂಚೆ ತಲುಪಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿಯೊಂದನ್ನು ಶಾಲೆಯಲ್ಲಿಯೇ ಇಟ್ಟುಕೊಳ್ಳಬೇಕು.