ಗಲ್ಫಿನ ಮನೆಗೊಂದು ನಾಯಿಮರಿ



ನಮ್ಮ ಕಾಸರಗೋಡು ಸೀಮೆಯಲ್ಲಿ ಗಲ್ಫಿಗೆ ಹೋದವರಿಲ್ಲದ ಊರು ಸಿಗುವುದು ಕಷ್ಟ. ಹಿಂದೆ ಗಂಡಸರು ಒಬ್ಬೊಬ್ಬರೇ ಹೋಗಿ, ಒಂದು ಕೋಣೆಯಲ್ಲಿ ಎಂಟು ಹತ್ತು ಮಂದಿ ಮಲಗಿ, ದುಡಿದು ಬರುತ್ತಿದ್ದರು. ಈಗ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಅಲ್ಲಿಯೇ ಸಂಸಾರ ಹೂಡಿದವರು ಬಹಳ. ಮಕ್ಕಳಿದ್ದಲ್ಲಿ ಬೇಡಿಕೆಗಳೂ ಇರುತ್ತವೆ. "ಒಂದು ನಾಯಿಮರಿ ತರೋಣ" ಎಂಬುದು ಅವುಗಳಲ್ಲಿ ಒಂದು. ಆ ಮಾತು ಎದ್ದಾಗ ಏನೇನು ಯೋಚಿಸಬೇಕು ಎಂಬುದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ನೀವು ಊರಿನಲ್ಲಿರುವವರಾದರೆ, ಅಲ್ಲಿರುವ ಮಗನಿಗೋ ಮಗಳಿಗೋ ಫೋನಿನಲ್ಲಿ ಈ ವಿಷಯ ತಿಳಿಸಿರಿ.

ಊರಿನಲ್ಲಿ ನಾಯಿ ಸಾಕುವುದು ನಮಗೊಂದು ದೊಡ್ಡ ಸಂಗತಿಯಲ್ಲ. ನೆರೆಮನೆಯ ನಾಯಿ ಮರಿ ಹಾಕಿದರೆ ಒಂದನ್ನು ಎತ್ತಿಕೊಂಡು ಬರುತ್ತೇವೆ. ಅಂಗಳದಲ್ಲಿ ಅಡಿಕೆ ಒಣಗುವಾಗ ಅದು ಕಾವಲಿಗೆ ಮಲಗುತ್ತದೆ. ಉಳಿದ ಅನ್ನ, ಗಂಜಿ ಅದರ ಪಾಲು. ನಾವು ನಾಲ್ಕು ದಿನ ಮದುವೆಗೆ ಹೋದರೆ ಪಕ್ಕದ ಮನೆಯವರು ಅನ್ನ ಹಾಕುತ್ತಾರೆ. ದುಬಾಯಿಯ ಏಳನೆಯ ಮಹಡಿಯಲ್ಲಿ ಅಂಗಳವೂ ಇಲ್ಲ, ಅನ್ನ ಹಾಕುವ ನೆರೆಮನೆಯವರೂ ಇಲ್ಲ. ಅಲ್ಲಿ ನಾಯಿಗೆ ನೀವೊಬ್ಬರೇ ದಿಕ್ಕು.

ಮೊದಲು ಬಾಡಿಗೆ ಕರಾರನ್ನು ತೆಗೆದು ಓದಬೇಕು. ಸಾಕುಪ್ರಾಣಿ ಇಡಬಾರದು ಎಂಬ ಷರತ್ತು ಎಷ್ಟೋ ಕಟ್ಟಡಗಳಲ್ಲಿ ಇದೆ. ಯಜಮಾನ ಬಾಯಲ್ಲಿ "ಪರವಾಗಿಲ್ಲ" ಎಂದರೆ ಸಾಲದು, ಬರೆಸಿಕೊಳ್ಳಬೇಕು. ಮುಂದೆ ನೋಟೀಸು ಬಂದರೆ ಕೈಯಲ್ಲಿ ಕಾಗದ ಇರಬೇಕಲ್ಲ! ಆಮೇಲೆ ಸರ್ಕಾರದ ನಿಯಮ. ನಾಯಿಗೆ ಮೈಕ್ರೋಚಿಪ್ ಹಾಕಿಸಬೇಕು, ರೇಬೀಸ್ ಚುಚ್ಚುಮದ್ದು ಕೊಡಿಸಬೇಕು, ನೋಂದಣಿ ಮಾಡಿಸಬೇಕು, ಹೊರಗೆ ಬಂದಾಗ ಹಗ್ಗ ಹಿಡಿದಿರಲೇಬೇಕು. ಚಿಪ್ ಎಂದರೆ ಅಕ್ಕಿಕಾಳಿನಷ್ಟು ದೊಡ್ಡದು. ಅದನ್ನು ಚರ್ಮದ ಕೆಳಗೆ ಸೂಜಿಯಿಂದ ಸೇರಿಸುತ್ತಾರೆ. ಅದರಲ್ಲಿ 15 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ನಮ್ಮ ಖಾತೆ ನಂಬರು ಇದ್ದ ಹಾಗೆ, ಆ ನಾಯಿಗೆ ಜೀವಮಾನವಿಡೀ ಅದೇ ನಂಬರು.

ಇನ್ನು ಮರಿಯ ವಯಸ್ಸು. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬೇರೆ ಮಾಡಬಾರದು. ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಅದು ಕಲಿಯುವುದೇ ತಾಯಿ ಮತ್ತು ಒಡಹುಟ್ಟಿದವರ ಜೊತೆ ಆಡುವಾಗ. ಮಾರುವವರು ಪುಸ್ತಕದಲ್ಲಿ ವಯಸ್ಸು ಹೆಚ್ಚು ಬರೆದು, ಐದಾರು ವಾರದ ಮರಿಯನ್ನೇ ಕೈಗೆ ಕೊಡುವುದೂ ಉಂಟು. ಪುಸ್ತಕವನ್ನು ನಂಬದೆ ಪಶುವೈದ್ಯರಿಂದ ಹಲ್ಲು ನೋಡಿಸಬೇಕು. ಡಿಸ್ಟೆಂಪರ್, ಪಾರ್ವೊ ಎಂಬ ಮಾರಕ ರೋಗಗಳಿಗೆ ಆರೆಂಟು ವಾರದಲ್ಲಿ ಶುರುವಾಗುವ ಚುಚ್ಚುಮದ್ದು ಮೂರು ನಾಲ್ಕು ವಾರಕ್ಕೊಮ್ಮೆಯಂತೆ ನಾಲ್ಕು ತಿಂಗಳು ತುಂಬುವವರೆಗೂ ನಡೆಯುತ್ತದೆ. ಅಲ್ಲಿಯವರೆಗೆ ಬೇರೆ ನಾಯಿಗಳು ಓಡಾಡುವ ಜಾಗದಲ್ಲಿ ಅದನ್ನು ನೆಲಕ್ಕೆ ಬಿಡಬಾರದು. ಎರಡು ತಿಂಗಳ ಮರಿ ಮೂತ್ರ ತಡೆಯುವುದು ಎರಡು ಗಂಟೆ, ಹೆಚ್ಚೆಂದರೆ ಮೂರು ಗಂಟೆ. ರಾತ್ರಿಯೂ ಏಳಬೇಕು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಏಳಕ್ಕೆ ಹೊರಟು ಸಂಜೆ ಏಳಕ್ಕೆ ಮನೆ ಸೇರುವವರಾದರೆ, ಆ ಹನ್ನೆರಡು ಗಂಟೆ ಮರಿಯ ಜೊತೆ ಯಾರು? ಇದಕ್ಕೆ ಉತ್ತರ ಇಲ್ಲದಿದ್ದರೆ ಮರಿ ತರುವ ಮಾತನ್ನು ಅಲ್ಲಿಗೇ ನಿಲ್ಲಿಸುವುದು ಲೇಸು.

ಸೆಕೆಯ ಮಾತೂ ಇದೆ. ಬೇಸಗೆಯಲ್ಲಿ ಅಲ್ಲಿ 45 ಡಿಗ್ರಿ ದಾಟುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯ ತನಕ ಬಯಲಿನಲ್ಲಿ ಕಾರ್ಮಿಕರಿಂದ ಕೆಲಸ ಮಾಡಿಸಬಾರದು ಎಂದು ಅಲ್ಲಿಯ ಸರ್ಕಾರವೇ ನಿಯಮ ಮಾಡಿದೆ. ಮನುಷ್ಯನ ಗತಿಯೇ ಹೀಗಾದರೆ, ಮೈಯೆಲ್ಲ ಬೆವರಲಾರದ, ನಾಲಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕಾದ ನಾಯಿಯ ಗತಿ ಏನು? ನಿಮ್ಮ ಹಿಂಗೈಯನ್ನು ಡಾಮರು ರಸ್ತೆಯ ಮೇಲಿಡಿ. ಐದು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದವೂ ಅಲ್ಲಿ ಸುಡುತ್ತದೆ. ಸೂರ್ಯ ಹುಟ್ಟುವ ಮುಂಚೆ ಒಮ್ಮೆ, ರಾತ್ರಿ ನೆಲ ಆರಿದ ಮೇಲೆ ಒಮ್ಮೆ ಸುತ್ತಾಡಿಸಬೇಕು. ಹಿಮದ ನಾಡಿನ ಹಸ್ಕಿ, ಮೂಗು ಚಪ್ಪಟೆಯಾದ ಪಗ್, ಬುಲ್‌ಡಾಗ್ ಮುಂತಾದವನ್ನು ಅಲ್ಲಿ ಸಾಕುವುದೆಂದರೆ ಅವುಗಳಿಗೆ ಹಿಂಸೆ ಕೊಟ್ಟಂತೆಯೇ.

ನೆರೆಹೊರೆಯವರನ್ನೂ ನೆನೆಯಬೇಕು. ನಾಯಿಯ ಜೊಲ್ಲು ತಾಗಿದರೆ ನಮಾಜಿಗೆ ಮುಂಚೆ ಬಟ್ಟೆ ತೊಳೆದುಕೊಳ್ಳಬೇಕು ಎಂಬ ಆಚಾರ ಮುಸಲ್ಮಾನರಲ್ಲಿ ಇದೆ. ಲಿಫ್ಟಿನಲ್ಲಿ ಬೇರೆಯವರಿದ್ದರೆ ಮುಂದಿನ ಸರದಿಗೆ ಕಾಯಿರಿ. ಹಾಗೆಂದು ಅವರಿಗೆ ನಾಯಿಯ ಮೇಲೆ ದ್ವೇಷ ಎಂದು ತಿಳಿಯಬೇಡಿ. ಬಾಯಾರಿದ ನಾಯಿಗೆ ಬಾವಿಯ ನೀರು ಕುಡಿಸಿದವರ ಪಾಪ ಕ್ಷಮೆಯಾಯಿತು ಎಂಬ ಕಥೆ ಅವರ ಹದೀಸಿನಲ್ಲಿಯೇ ಇದೆ. ಸಲೂಕಿ ಎಂಬ ಬೇಟೆನಾಯಿಯನ್ನು ಅರಬರು ತಲೆತಲಾಂತರದಿಂದ ಮಮತೆಯಿಂದ ಸಾಕುತ್ತ ಬಂದಿದ್ದಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಮಗಳ ಸಂಸಾರ ದುಬಾಯಿಯಲ್ಲಿದೆ. ನಾವಿಬ್ಬರು ಅಲ್ಲಿ ಹೋಗಿ ಎರಡು ತಿಂಗಳು ಇದ್ದಾಗ ಮೊಮ್ಮಕ್ಕಳಿಬ್ಬರೂ ಮರಿಗಾಗಿ ಹಟ ಹಿಡಿದಿದ್ದರು. ಅಳಿಯಂದಿರಿಗೂ ಮನಸ್ಸಿತ್ತು. ಒಂದು ರಾತ್ರಿ ಊಟವಾದ ಮೇಲೆ ಎಲ್ಲರೂ ಕೂತು ಖರ್ಚು ಬರೆಯುತ್ತಿದ್ದೆವು. ಆಹಾರ ಇಷ್ಟು, ಔಷಧಿ ಇಷ್ಟು, ರಜೆಯಲ್ಲಿ ನಾವು ಊರಿಗೆ ಬಂದಾಗ ನಾಯಿ ನೋಡಿಕೊಳ್ಳುವವರಿಗೆ ಇಷ್ಟು ಎಂದು. ಆಗ ದೊಡ್ಡ ಮೊಮ್ಮಗಳು ಕೇಳಿದಳು: "ಅಜ್ಜಾ, ಅಪ್ಪನ ಕೆಲಸ ಮುಗಿದು ನಾವು ಪೂರ್ತಿ ಊರಿಗೆ ಬರುವಾಗ ಅದು ಎಲ್ಲಿರ್ತದೆ?" ಯಾರೂ ಮಾತಾಡಲಿಲ್ಲ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಅವಧಿ ನೋಡದೆ ನಾವು ಯಾವ ಕಾಗದವನ್ನೂ ಮುಂದೆ ಕಳಿಸುತ್ತಿರಲಿಲ್ಲ. ನಾಯಿಯ ಆಯುಸ್ಸು 10ರಿಂದ 14 ವರ್ಷ. ಅಲ್ಲಿ ಕೆಲಸದ ವೀಸಾ ಸಾಮಾನ್ಯವಾಗಿ 2 ವರ್ಷದ್ದು. ನವೀಕರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೆಲಸ ಹೋದರೆ ಗಂಟುಮೂಟೆ ಕಟ್ಟಲು ಸಿಗುವುದು ಕೆಲವೇ ತಿಂಗಳು. ಆ ಗಡಿಬಿಡಿಯಲ್ಲಿ ನಾಯಿಯನ್ನು ಮರಳುಗಾಡಿನ ಅಂಚಿನಲ್ಲಿ ಇಳಿಸಿ ಬಂದವರಿದ್ದಾರೆ. ಮನೆಯೊಳಗೆ ಬೆಳೆದ ನಾಯಿ ಅಲ್ಲಿ ನೀರು ಹುಡುಕಲಾರದು, ನೆರಳೂ ಹುಡುಕಲಾರದು.

ಊರಿಗೆ ತರಬಹುದಲ್ಲ ಎನ್ನುತ್ತೀರಿ. ತರಬಹುದು, ಆದರೆ ಅದು ಸೂಟ್‌ಕೇಸು ತಂದಷ್ಟು ಸುಲಭವಲ್ಲ. ಹೊರದೇಶದಲ್ಲಿ ಎಡೆಬಿಡದೆ 2 ವರ್ಷ ಇದ್ದು, ವಾಸ ಬದಲಿಸಿ ಬರುವವರು ಮಾತ್ರ ಸಾಮಾನಿನ ಜೊತೆ ಸಾಕುಪ್ರಾಣಿ ತರಬಹುದು, ಅದೂ ಎರಡನ್ನು ಮಾತ್ರ ಎಂದು 2013ರ ಕಸ್ಟಮ್ಸ್ ಸುತ್ತೋಲೆ ಹೇಳಿತು. ಉಳಿದವರು ಪ್ರತ್ಯೇಕ ಲೈಸನ್ಸು ಪಡೆಯಬೇಕು. ಪಶು ಕ್ವಾರಂಟೈನ್ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ರೇಬೀಸ್ ಚುಚ್ಚುಮದ್ದು ಕೊಟ್ಟು 30 ದಿನ ಕಳೆದಿರಬೇಕು. ಇಳಿಯುವುದೂ ಬೆಂಗಳೂರು, ಚೆನ್ನೈ, ಮುಂಬಯಿಯಂತಹ, ಆ ಇಲಾಖೆಯ ಕೇಂದ್ರವಿರುವ ನಿಲ್ದಾಣಗಳಲ್ಲಿ. ನಿಯಮಗಳು ಬದಲಾಗುತ್ತಿರುವುದರಿಂದ ಟಿಕೇಟು ತೆಗೆಯುವ ಮುಂಚೆ ಇಲಾಖೆಯನ್ನೇ ಕೇಳಿ ಖಚಿತ ಮಾಡಿಕೊಳ್ಳಬೇಕು. 2022ರಲ್ಲಿ ಯುಕ್ರೇನಿನಲ್ಲಿ ಯುದ್ಧ ಶುರುವಾದಾಗ ನಮ್ಮ ದೇಶದ ಕೆಲವು ವಿದ್ಯಾರ್ಥಿಗಳು ತಾವು ಸಾಕಿದ ನಾಯಿ, ಬೆಕ್ಕುಗಳನ್ನು ಎತ್ತಿಕೊಂಡೇ ಗಡಿ ದಾಟಿದರು. ಅವರಿಗಾಗಿ ಕೇಂದ್ರ ಸರ್ಕಾರ ಆ ಸಂದರ್ಭಕ್ಕೆ ನಿಯಮ ಸಡಿಲಿಸಿತು. ಎಲ್ಲ ಸಲವೂ ಹಾಗೆ ಆಗುತ್ತದೆಂದು ನಂಬಿ ಕೂರುವ ಹಾಗಿಲ್ಲ.

ಹಾಗಾದರೆ ಗಲ್ಫಿನಲ್ಲಿರುವವರು ನಾಯಿ ಸಾಕಲೇ ಬಾರದೇ? ಹಾಗೆ ನಾನು ಹೇಳುವುದಿಲ್ಲ. ಹತ್ತು ಹನ್ನೆರಡು ವರ್ಷಕ್ಕೂ ನೀವು ಜವಾಬ್ದಾರರು ಎಂಬ ಧೈರ್ಯವಿದ್ದರೆ, ಊರಿಗೆ ತರುವ ಖರ್ಚನ್ನು ಮೊದಲ ತಿಂಗಳಿನಿಂದಲೇ ಬೇರೆ ತೆಗೆದಿಡಿ. ಕಾಗದಪತ್ರಗಳನ್ನೆಲ್ಲ ಒಂದೇ ಫೈಲಿನಲ್ಲಿ ಇಡಿ. ಆ ಧೈರ್ಯ ಇಲ್ಲದವರಿಗೂ ದಾರಿ ಇದೆ. ದುಬಾಯಿಯಲ್ಲಿ ಕೆ-ನೈನ್ ಫ್ರೆಂಡ್ಸ್ ಎಂಬ ಸೇವಾ ಸಂಸ್ಥೆ ಬಿಟ್ಟುಹೋದ ನಾಯಿಗಳನ್ನು ಸಾಕಿ, ಅವಕ್ಕೆ ಮನೆ ಹುಡುಕಿಕೊಡುತ್ತದೆ. ಅದರಂತಹ ಬೇರೆ ಗುಂಪುಗಳೂ ಇವೆ. ಖಾಯಂ ಮನೆ ಸಿಗುವವರೆಗೆ ಕೆಲವು ವಾರ ಮರಿಯೊಂದನ್ನು ತಮ್ಮ ಮನೆಯಲ್ಲಿ ಸಾಕಿಕೊಡುವವರು ಇಂಥವರಿಗೆ ಯಾವಾಗಲೂ ಬೇಕು.

ನನ್ನ ಮಗಳು ಅಳಿಯ ಆ ದಾರಿಯನ್ನೇ ಹಿಡಿದರು. ಈವರೆಗೆ ಮೂರು ಮರಿಗಳು ಅವರ ಮನೆಯಲ್ಲಿ ಬೆಳೆದು ಬೇರೆ ಮನೆ ಸೇರಿವೆ. ಮೊದಲನೆಯದು ಹೋದ ದಿನ ಮಕ್ಕಳು ಅತ್ತರಂತೆ, ಊಟ ಮಾಡಲಿಲ್ಲವಂತೆ. ಮಕ್ಕಳು ಅತ್ತರೆ ಅತ್ತಾರು, ನಾಲ್ಕು ದಿನದಲ್ಲಿ ಸಮಾಧಾನವಾಗುತ್ತದೆ. ಏಳು ವರ್ಷ ಒಂದೇ ಬಾಗಿಲು ನೋಡಿಕೊಂಡಿದ್ದ ನಾಯಿಯನ್ನು ಬೀದಿಯಲ್ಲಿ ಬಿಟ್ಟು ಬಂದರೆ, ಅದಕ್ಕೆ ಯಾರು ಸಮಾಧಾನ ಹೇಳುತ್ತಾರೆ? ಮರಿಯನ್ನು ಮಡಿಲಿಗೆ ತೆಗೆದುಕೊಳ್ಳುವ ಮೊದಲು ನಿಮ್ಮ ಮನೆಯಲ್ಲಿಯೂ ಒಮ್ಮೆ ಎಲ್ಲರೂ ಕೂತು ಈ ಲೆಕ್ಕ ಹಾಕಿರಿ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ.